ಮಾಳಿಗೆಯಿಂದ ಇಳಿಯದ ಆಕಾಶಬುಟ್ಟಿ

ಹುಬ್ಬಳ್ಳಿಯಿಂದ ತರಿಸಿ ಮಾಳಿಗೆಯಲ್ಲಿ ಪೇರಿಸಿದ್ದ ನಾಲ್ಕು ಬಂಡಲ್ ಬಣ್ಣದ ಕಾಗದ ದೀಪಾವಳಿಯೊಳಗೆ ಖಾಲಿಯಾಗಬೇಕಿತ್ತು. ಇಲ್ಲವಾದರೆ ಶಿರಸಿಯ ಥಂಡಿಗೆ ಹಾಳೆಗೆ ಹಾಳೆ ಅಂಟಿ ಹಲಗೆಯಾಗುತ್ತದೆ. ರೆಡಿಮೇಡ್ ಆಕಾಶಬುಟ್ಟಿ ಬಂದ ಮೇಲೆ ಬಿಡಿ ಕಾಗದ ಕೇಳುವವರೇ ಇಲ್ಲ. ಅದಕ್ಕೇ ಅಂಗಡಿಯ ಮುಂದೆ ಬೋರ್ಡು ಹಾಕಿದೆ: ‘ಭಾನುವಾರ ಮನೆಮಂದಿಯೆಲ್ಲ ಬನ್ನಿ, ನಮ್ಮ ಮಾಳಿಗೆಯಲ್ಲಿ ಕೂತು ಆಕಾಶಬುಟ್ಟಿ ಮಾಡಿ. ಜಾಗ ಪುಕ್ಕಟೆ, ಕಾಗದ ನಮ್ಮಲ್ಲೇ ಕೊಳ್ಳಿ.’ ಮಕ್ಕಳು, ಮುದುಕರು, ಅಳಿಯಂದಿರು ಒಂದೇ ಚಾಪೆಯ ಮೇಲೆ ಕೂತರೆ ಏನಾದರೊಂದು ಆಗದೆ ಇರುವುದಿಲ್ಲ.

ತಂಬುಳಿ

ಇಸಳೂರಿನ ಅಜ್ಜಿಯೊಬ್ಬರು ಮನೆಯಿಂದಲೇ ಮೈದಾ ಅಂಟು ಕಾಯಿಸಿ ಸ್ಟೀಲ್ ಪಾತ್ರೆಯಲ್ಲಿ ತಂದಿದ್ದರು. ಗಂಟಿಲ್ಲದ, ನಯವಾದ ಅಂಟು. ಅಂಥದ್ದನ್ನು ನಾನು ಡಬ್ಬಿಯಲ್ಲಿ ಮಾರಿದ್ದೂ ಇಲ್ಲ. ತಡವಾಗಿ ಬಂದ ಅಳಿಯ ಬಾಯಾರಿದ್ದ. ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮಜ್ಜಿಗೆಯ ತಂಬುಳಿ ಎಂದುಕೊಂಡು ಒಂದು ಲೋಟ ಬಗ್ಗಿಸಿ ಕುಡಿದ. ಅತ್ತೆ ಮಾಡಿದ್ದೆಂಬ ಮರ್ಯಾದೆಗೆ ಅರ್ಧಕ್ಕೆ ಬಿಡಲೂ ಇಲ್ಲ.

“ಅತ್ತೆ, ಉಪ್ಪು ಒಂಚೂರು ಕಡಿಮೆ ಆತು” ಅಂದವನು, ಅದು ಅಂಟೆಂದು ಗೊತ್ತಾದ ಮೇಲೆ ಸಂಜೆಯವರೆಗೂ ಮಾತಾಡಲಿಲ್ಲ.

ಅಜ್ಜಿ ಸಮಾಧಾನದಿಂದ ಹೇಳಿದರು: “ಹಂಗಾರೆ ಅಂಟು ಚೊಲೋ ಬಂದದ್ದೇ ಸೈ!”

ಮುಂದಿನ ಟೇಬಲ್

ಕಿರವತ್ತಿಯ ಧಾಬಾದವರು ಹೆಂಡತಿ ಮಕ್ಕಳೊಂದಿಗೆ ಬಂದರು. ಪಾರ್ಸಲ್ ಕಟ್ಟಿ ಪಳಗಿದ ಕೈ. ಬಿದಿರುಕಡ್ಡಿಗೆ ಅವರು ದಾರ ಸುತ್ತುವುದನ್ನು ನೋಡುವುದೇ ಒಂದು ಚೆಂದ. ಕಣ್ಣುಮುಚ್ಚಿ ತೆಗೆಯುವುದರೊಳಗೆ ಬುಟ್ಟಿ ಸಿದ್ಧ. ಅದೇ ಭರದಲ್ಲಿ ಪಕ್ಕದ ಚಾಪೆಯಲ್ಲಿದ್ದ ಕೂಸಿನ ಕಡೆ ತಿರುಗಿ, “ನಿಮ್ದೇನೈತಿ, ಕೊಡ್ರಿ ಇಲ್ಲೆ” ಎಂದು ಅದರದನ್ನೂ ಕಟ್ಟಿ ಮುಗಿಸಿದರು.

ಅವರ ಹೆಂಡತಿ ರೇಗಿದರು: “ಅದು ಆ ಕೂಸಿನ ಬುಟ್ಟಿರೀ! ಇದೇನು ನಮ್ಮ ಧಾಬಾ ಅಂತ ತಿಳ್ಕೊಂಡೀರೇನು?”

ಆ ಕೂಸು ಅತ್ತು ಕರೆದು, ಎಲ್ಲವನ್ನೂ ಕಿತ್ತು ಮೊದಲಿನಿಂದ ಶುರುಮಾಡಿತು. ಅದಕ್ಕೆ ಮತ್ತೊಂದಿಷ್ಟು ಕಾಗದ ಬೇಕಾಯಿತು. ನಾನೇನು ಬೇಡ ಅನ್ನಲಿಲ್ಲ.

ಅಡಿಕೆ ದಬ್ಬೆ

ಕೊನೆಯ ಭಾನುವಾರ ಹೆಗ್ಗರಣೆಯಿಂದ ಒಂದು ಜೀಪು ತುಂಬ ಜನ ಬಂದರು. ಉಳಿದಿದ್ದದ್ದು ಒಂದೇ ಬಂಡಲ್. ಮನೆಯ ಹಿರಿಯರು ನನ್ನ ಬಿದಿರುಕಡ್ಡಿಯನ್ನು ಬಗ್ಗಿಸಿ ನೋಡಿ, “ಇದು ತಡೀತಿಲ್ಲೆ” ಎಂದು ಪಕ್ಕಕ್ಕಿಟ್ಟರು. ಜೀಪಿನಿಂದ ಅಡಿಕೆ ಮರ ಸೀಳಿದ ದಬ್ಬೆ ಬಂತು. ಅವರು ಚಪ್ಪರ ಹಾಕುವ ಹಾಗೆಯೇ ಬುಟ್ಟಿಯ ಚೌಕಟ್ಟು ಕಟ್ಟಿದರು. ಸೊಸೆಯಂದಿರು ಕಾಗದ ಅಂಟಿಸಿದರು, ಮಕ್ಕಳು ಬಾಲ ಕತ್ತರಿಸಿದರು, ಅವರ ಮನೆಯ ಅಜ್ಜಿ ಗೆರೆಯನ್ನೂ ಎಳೆಯದೆ ಹೂವು ಕತ್ತರಿಸಿ ಕೊಟ್ಟರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಯಾರ ಕೈಯೂ ಸುಮ್ಮನಿರಲಿಲ್ಲ. ಬುಟ್ಟಿ ಬೆಳೆಯಿತು, ಬಂಡಲ್ ಕರಗಿತು. ನನ್ನ ಕಣ್ಣೆಲ್ಲ ಬಂಡಲ್ ಮೇಲೆ.

ಸಂಜೆ ಇಳಿಸಲು ಹೋದರೆ ಬುಟ್ಟಿ ಮೆಟ್ಟಿಲಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಮಾಡಿದರು, ಉದ್ದ ಮಾಡಿದರು, ತಲೆಕೆಳಗೂ ಮಾಡಿದರು.

“ಒಂದೆರಡು ದಬ್ಬೆ ಕಡಿದ್ರೆ ಆಗ್ತದೆ” ಅಂದೆ.

ಹಿರಿಯರು ನನ್ನ ಬಾಗಿಲನ್ನು ಒಮ್ಮೆ ಮುಟ್ಟಿ ನೋಡಿದರು. “ಕಡಿಯೂದೇ ಆದ್ರೆ ಇದನ್ನ ಕಡಿಯೂದು ಸಸಾರ, ಸಾವ್ಕಾರ್ರೇ. ಮೆತ್ತಗಿದ್ದು.”

ಬಾಗಿಲು ಉಳಿಯಲೆಂದು ಬುಟ್ಟಿಯನ್ನು ಮಾಳಿಗೆಯಲ್ಲೇ ತೂಗುಹಾಕಿದೆವು. ದೀಪಾವಳಿಗೆ ಅದೇ ಜೀಪು ಮತ್ತೆ ಬಂತು. ದೀಪ ಹಚ್ಚಿ, ಚಹಾ ಕುಡಿದು, “ಬಪ್ಪ ವರ್ಷ ಕಾಗದ ಬದಲಿಸೂಲೆ ಬತ್ಯ” ಎಂದು ಮುಂದಿನ ವರ್ಷಕ್ಕೂ ಮಾತು ಕೊಟ್ಟು ಹೋದರು. ಕಿಟಕಿಯಿಂದ ಬೀದಿಯೆಲ್ಲ ಬಣ್ಣ ಬಣ್ಣ.

ಬನವಾಸಿ ಕಡೆಯವಳಾದ ನನ್ನ ಹೆಂಡತಿ ಕೆಳಗಿನಿಂದ ಕೂಗಿದಳು: “ಮಾಳಗಿ ಖಾಲಿ ಮಾಡ್ತೀನಿ ಅಂದಿದ್ರಲ್ಲಾ, ಆತೇನ್ರಿ?”

ಆಯಿತು. ಹೋದದ್ದು ನಾಲ್ಕು ಬಂಡಲ್. ಬಂದದ್ದು ಒಂದು ಆಕಾಶಬುಟ್ಟಿ, ಮಾಳಿಗೆ ತುಂಬ.