ಇನ್ನೂರ ಎಂಬತ್ತೇಳು ವೋಲ್ಟ್

ಮಲ್ಟಿಮೀಟರಿನ ಗಾಜಿನ ಎಡಮೂಲೆಯಲ್ಲಿ ಪುಟ್ಟ ಬ್ಯಾಟರಿಯ ಚಿತ್ರವೊಂದು ಮೂಡಿ ಹದಿನೈದು ದಿನವಾಗಿತ್ತು. ಅದನ್ನು ಮೊದಲು ಕಂಡವಳು ಟೆಸ್ಟರಣ್ಣನ ಹೆಂಡತಿ.

"ಇದೇನ್ರೀ, ಹೊಸದಾಗಿ ಬಂದಿದೆ?"

"ಬ್ಯಾಟರಿ ಚಿತ್ರ ಕಣೇ. ಒಳಗೆ ಬ್ಯಾಟರಿ ಇದೆ ಅಂತ ಅರ್ಥ."

"ಮುಂಚೆ ಈ ಚಿತ್ರ ಇರಲಿಲ್ವಲ್ಲ. ಆಗ ಒಳಗೆ ಬ್ಯಾಟರಿ ಇರಲಿಲ್ವಾ?"

ಟೆಸ್ಟರಣ್ಣ ಗೋಡೆ ಕಡೆ ತಿರುಗಿ ಕೆಮ್ಮಿದ. ಉತ್ತರ ಗೊತ್ತಿಲ್ಲದಾಗ ಅವನಿಗೆ ಕೆಮ್ಮು ಬರುತ್ತಿತ್ತು.

ಹದಿನಾರು ಮನೆಗಳ ಆ ಕಟ್ಟಡಕ್ಕೆ ಅವನು ಎಲೆಕ್ಟ್ರಿಷಿಯನ್ ಆಗಿ ಸೇರಿ ಇವತ್ತಿಗೆ ಸರಿಯಾಗಿ ಆರು ತಿಂಗಳು. ಸಂಜೆ ಏಳಕ್ಕೆ ನಿವಾಸಿಗಳ ಸಂಘದ ಅಧ್ಯಕ್ಷರು ಕೆಲಸ ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕು. ಹಾಕಿದರೆ ಪಂಪ್ ಶೆಡ್ಡಿನ ಪಕ್ಕದ ಈ ಒಂಟಿ ಕೋಣೆ ಅವನದು. ಹಾಕದಿದ್ದರೆ ಮತ್ತೆ ಭಾವಮೈದುನನ ಮನೆಯ ವರಾಂಡ. ಅಲ್ಲಿ ಗಂಡ ಹೆಂಡತಿ ಎರಡು ವರ್ಷ ಮಲಗಿದ್ದರು. ಬೆಳಗ್ಗೆ ಐದಕ್ಕೇ ಹಾಸಿಗೆ ಸುತ್ತಬೇಕಿತ್ತು, ಯಾಕೆಂದರೆ ಭಾವಮೈದುನನ ಸ್ಕೂಟರಿಗೆ ಹೊರಗೆ ಹೋಗಲು ಇದ್ದ ದಾರಿ ಅವರ ತಲೆದಿಂಬಿನ ಮೇಲಿತ್ತು.

ಹೆಂಡತಿ ಕೋಣೆಯ ಕಿಟಕಿಗೆ ಎರಡನೇ ಮಹಡಿಯ ಟೈಲರಮ್ಮನ ಹತ್ತಿರ ಕರ್ಟನ್ ಹೊಲಿಸಿ, ಮಡಿಸಿ, ಟ್ರಂಕಿನ ಮೇಲಿಟ್ಟಿದ್ದಳು. ಕಟ್ಟು ಅಂದರೆ ಕೇಳಲಿಲ್ಲ. "ಸಹಿ ಬೀಳ್ಲಿ, ಆಮೇಲೆ ಕಟ್ತೀನಿ. ಕಟ್ಟಿ ಬಿಚ್ಚೋ ಕೆಲಸ ನನಗೆ ಬೇಡ."

ಬೆಳಗ್ಗೆ ಒಂಬತ್ತಕ್ಕೆ ಟೈಲರಮ್ಮ ಮೇಲಿನಿಂದ ಕೂಗಿದಳು. ಹೊಲಿಗೆ ಯಂತ್ರದ ಮೋಟಾರು ಬಿಸಿಯಾಗುತ್ತಿದೆ. ಟೆಸ್ಟರಣ್ಣ ಹೋಗಿ, ಮೀಟರಿನ ಗುಂಡಿ ತಿರುಗಿಸಿ, ಕೆಂಪು ಕಡ್ಡಿ ಕಪ್ಪು ಕಡ್ಡಿ ಎರಡನ್ನೂ ಸಾಕೆಟ್ಟಿಗೆ ತೂರಿಸಿದ. ಇನ್ನೂರ ಮೂವತ್ತು ಇರಬೇಕಾದ ಕಡೆ ಇನ್ನೂರ ಎಂಬತ್ತೇಳು.

"ಅಯ್ಯಯ್ಯೋ," ಅಂದ.

ಆ 'ಅಯ್ಯಯ್ಯೋ' ಇನ್ನೂ ಬಾಯಿಂದ ಪೂರ್ತಿ ಹೊರಗೆ ಬಿದ್ದಿರಲಿಲ್ಲ, ಎದುರು ಮನೆಯ ವಿಮೆ ಏಜೆಂಟ್ ಒಳಗೆ ಬಂದಿದ್ದ. ಯಾರ ಮನೆ ಬಾಗಿಲು ತೆರೆದರೂ ಗಾಳಿಗಿಂತ ಮೊದಲು ನುಗ್ಗುವ ಆಸಾಮಿ.

"ಏನಾಯ್ತು? ಸಾಯ್ತೀವಾ?"

"ಇಲ್ಲ ಸಾರ್. ವೋಲ್ಟೇಜ್ ಜಾಸ್ತಿ ಇದೆ. ನಾವು ಸಾಯಲ್ಲ, ಸಾಮಾನು ಸಾಯ್ತವೆ."

"ಸಾಮಾನಿಗೆ ಯಾರೂ ವಿಮೆ ಮಾಡಿಸಿಲ್ವಲ್ಲೋ! ಬಡ್ಕೊಂಡೆ ಎಲ್ಲರಿಗೂ!" ಎನ್ನುತ್ತ ಏಜೆಂಟ್ ಮೆಟ್ಟಿಲು ಹತ್ತಿದ.

ಟೆಸ್ಟರಣ್ಣ ಬೇರೆ ಮನೆಗಳಲ್ಲೂ ನೋಡಿದ. ಇನ್ನೂರ ತೊಂಬತ್ತೊಂದು. ಇನ್ನೂರ ತೊಂಬತ್ತಾರು. ಅವನು ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ಏಜೆಂಟನ ಬಾಯಲ್ಲಿ ಅದು ನಾನೂರು ದಾಟಿತ್ತು. ಹೆಂಗಸರು ಫ್ರಿಜ್ಜಿನ ಪ್ಲಗ್ಗನ್ನು ಹಾವಿನ ಬಾಲದಂತೆ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದರು. ಕೊನೆಗೆ ಯಾರೋ, "ಮೇನ್ ಸ್ವಿಚ್ಚೇ ಆಫ್ ಮಾಡಪ್ಪ, ಅದೇನು ನೋಡ್ತಾ ನಿಂತೆ?" ಅಂದರು. ಮಾಡಿದ.

ಲಿಫ್ಟ್ ನಿಂತಿತು. ನೀರು ನಿಂತಿತು. ಅಧ್ಯಕ್ಷರು ನಾಲ್ಕನೇ ಮಹಡಿಯಲ್ಲಿ ಉಳಿದರು. ಅವರು ನಿವೃತ್ತ ಹೆಡ್ ಮಾಸ್ಟರು, ಎರಡೂ ಮಂಡಿ ನೋವು, ಮೆಟ್ಟಿಲಿಳಿಯುವ ಹಾಗಿಲ್ಲ. ಅಲ್ಲಿಂದಲೇ ಗಂಟೆಗೊಮ್ಮೆ "ಎಲ್ಲೋ ಅವನು?" ಎಂದು ಕೂಗುತ್ತಿದ್ದರು. ಟೈಲರಮ್ಮನ ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪೂ ನಿಂತಿತು. ಮಧ್ಯಾಹ್ನ ಒಂದಕ್ಕೆ ಎರಡು ಮೀನು ಹೊಟ್ಟೆ ಮೇಲು ಮಾಡಿದವು. ಮೂರನೆಯದು ಟೆಸ್ಟರಣ್ಣನನ್ನೇ ನೋಡುತ್ತ ಬಾಯಿ ತೆರೆದು ಮುಚ್ಚಿ ಮಾಡಿ, ಅದೂ ಹೋಯಿತು.

ಎರಡು ಗಂಟೆಗೆ ಲೈನ್‌ಮನ್ ಬಂದ. ಊಟದ ನಡುವೆ ಎಬ್ಬಿಸಿ ಕರೆತಂದಂತೆ ಮುಖ. ಮುಖ್ಯ ಪೆಟ್ಟಿಗೆ ತೆರೆದು, ಟೆಸ್ಟರಣ್ಣನ ಕೈಗೆ ಟಾರ್ಚ್ ಕೊಟ್ಟು, ತನ್ನ ಮೀಟರ್ ಹಿಡಿದ. ಇನ್ನೂರ ಮೂವತ್ತೊಂದು. ದಪ್ಪ ಕರಿ ತಂತಿಯೊಂದರ ತಿರುಪು ಸಡಿಲಿಸಿ, ತುದಿ ನೋಡಿ, ಮತ್ತೆ ಒಳಗೆ ತೂರಿಸಿದ. ಪುನಃ ಅಳೆದ. ಇನ್ನೂರ ಮೂವತ್ತೊಂದು.

"ಎಲ್ಲಿ ನಿನ್ನ ಮೀಟರ್ ತಾ."

ಅದು ಮುನ್ನೂರ ನಾಲ್ಕು ತೋರಿಸಿತು. ಲೈನ್‌ಮನ್ ಗಾಜಿನ ಮೂಲೆಗೆ ಉಗುರಿನಿಂದ ಕುಟ್ಟಿದ.

"ಇದೇನು?"

"ಬ್ಯಾಟರಿ ಇದೆ ಅಂತ..."

"ಬ್ಯಾಟರಿ ಸಾಯ್ತಾ ಇದೆ ಅಂತ! ಒಳಗಿನ ಬ್ಯಾಟರಿ ಕುಸಿದ್ರೆ ಇದಕ್ಕೆ ಹೊರಗಿನದೆಲ್ಲ ದೊಡ್ಡದಾಗಿ ಕಾಣುತ್ತೆ. ಮನುಷ್ಯರ ಹಾಗೇ. ವೋಲ್ಟೇಜ್ ಎಷ್ಟಿದೆ ಅಂತ ಗೊತ್ತಿರೋ ಕಡೆ ಒಂದ್ಸಲ ಅಳೆದು ನೋಡ್ಬೇಕು ಅಂತ ನಿಂಗೆ ಯಾರೂ ಹೇಳ್ಕೊಡ್ಲಿಲ್ವಾ?"

ಸುತ್ತ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಏಜೆಂಟ್. ಲೈನ್‌ಮನ್ ಕೂಡ ನಗುತ್ತ ಪೆಟ್ಟಿಗೆಯ ಬಾಗಿಲು ಬಡಿದು, ಉಳಿದ ಊಟಕ್ಕೆ ಹೊರಟ.

ಕರೆಂಟ್ ಬಂದ ಮೇಲೆ ಅಧ್ಯಕ್ಷರು ಲಿಫ್ಟಿನಲ್ಲಿ ಇಳಿದು ಕಚೇರಿಯ ಕುರ್ಚಿಯಲ್ಲಿ ಕೂತರು. ಬಯ್ಯಲಿಲ್ಲ. ಬಿಳಿ ಹಾಳೆ ಮುಂದಿಟ್ಟರು.

"ಬರ್ಕೋ. ಇನ್ನು ಮುಂದೆ ಮೀಟರು ಹೆಚ್ಚು ತೋರಿಸಿದಲ್ಲಿ, ಯಾರಿಗೂ ಹೇಳಿ ಗಾಬರಿಪಡಿಸದೆ, ಮೊದಲು ಬ್ಯಾಟರಿ ಬದಲಿಸುತ್ತೇನೆ ಎಂದು ಬರೆದುಕೊಟ್ಟ ಮುಚ್ಚಳಿಕೆ."

ಟೆಸ್ಟರಣ್ಣ ಬರೆದು ಸಹಿ ಹಾಕಿದ. ಅವರು ಕೆಂಪು ಶಾಯಿಯಲ್ಲಿ ಎರಡು ಕಡೆ ತಿದ್ದಿ, ಮಡಿಸಿ, ಜೇಬಿಗಿಟ್ಟರು. "ತಪ್ಪು ಎಲ್ಲರೂ ಮಾಡ್ತಾರೆ. ಏಳಕ್ಕೆ ಬಾ, ಸಹಿ ಹಾಕ್ತೀನಿ. ಅಲ್ಲಿವರೆಗೆ ನಿನ್ನ ಕೈಕಾಲು ಕಟ್ಕೊಂಡು ಕೂತ್ಕೋ."

ಟೆಸ್ಟರಣ್ಣ ಬೀದಿಯ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಹಾಕಿದ. ಮೂಲೆಯ ಚಿತ್ರ ಮಾಯವಾಯಿತು. ಇನ್ನೂರ ಮೂವತ್ತೊಂದು. ಹೋದ ಜೀವ ಬಂದಂತಾಯಿತು. ಹೆಂಡತಿಯೂ ಮನಸ್ಸು ಸಡಿಲಿಸಿ, ಕರ್ಟನ್ ಬಿಡಿಸಿ ದಾರ ಪೋಣಿಸತೊಡಗಿದಳು.

ಆರೂವರೆ. ಎಲ್ಲ ಮನೆಗಳಲ್ಲೂ ದೀಪ ಹತ್ತಿದವು. ಅಧ್ಯಕ್ಷರ ಮುಂದೆ ಇಡಲು ಒಂದು ಅಳತೆ ಬರೆದುಕೊಂಡು ಹೋದರೆ ಚೆನ್ನ ಅನ್ನಿಸಿ, ಟೆಸ್ಟರಣ್ಣ ಕೋಣೆಯ ಸಾಕೆಟ್ಟಿಗೆ ಕಡ್ಡಿ ತೂರಿಸಿದ.

ಮುನ್ನೂರ ಹದಿನೆಂಟು.

ಮೂಲೆ ನೋಡಿದ. ಚಿತ್ರವಿಲ್ಲ. ಬೆಳಗ್ಗೆ ಚಿತ್ರವಿದ್ದಾಗ ಮೀಟರನ್ನು ನಂಬಿದ್ದವನು, ಈಗ ಚಿತ್ರವಿಲ್ಲದಾಗ ಅನುಮಾನಿಸಿದ. "ಥೂ, ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆ. ಚಿತ್ರ ತೋರಿಸೋಕೂ ಇದಕ್ಕೆ ತ್ರಾಣ ಇಲ್ಲ."

"ರೀ, ಬಲ್ಬ್ ಯಾಕೆ ಕಣ್ಣು ಕುಕ್ಕೋ ಹಾಗೆ ಉರೀತಿದೆ?"

"ಬ್ಯಾಟರಿ ಸರಿ ಇಲ್ಲ ಕಣೇ."

"ಬಲ್ಬು ನಿಮ್ಮ ಬ್ಯಾಟರಿ ಮೇಲೆ ಉರೀತಾ ಇದ್ಯಾ?"

ಟೆಸ್ಟರಣ್ಣನಿಗೆ ಕೆಮ್ಮು ಬಂತು. ಒಂದು ಕ್ಷಣ ಬಾಗಿಲಾಚೆಯ ಮೇನ್ ಸ್ವಿಚ್ಚಿನ ಕಡೆ ನೋಡಿದ. ಅಲ್ಲಿ ನಿಂತಿದ್ದ ಏಜೆಂಟ್, "ಏನಪ್ಪಾ, ಈಗ ಎಷ್ಟು? ಐನೂರಾ?" ಅಂದ. ಟೆಸ್ಟರಣ್ಣ ಯಾರಿಗೂ ಹೇಳಲಿಲ್ಲ, ಯಾರನ್ನೂ ಗಾಬರಿಪಡಿಸಲಿಲ್ಲ. ಮುಚ್ಚಳಿಕೆಯ ಪ್ರಕಾರ ಬ್ಯಾಟರಿ ಬದಲಿಸಲು ಅಂಗಡಿಗೆ ಓಡಿದ.

ಅಂಗಡಿಯವನು "ಮಧ್ಯಾಹ್ನ ತಾನೇ ಒಯ್ದೆ, ತಿಂದ್ಯಾ?" ಎಂದು ಕೇಳುತ್ತಿರುವಾಗಲೇ ಕಟ್ಟಡದ ಕಡೆಯಿಂದ ಪಟ್ ಎಂದಿತು. ಆಮೇಲೆ ಪಟ್ ಪಟ್. ಆಮೇಲೆ ಹುರಿಗಡಲೆ ಹುರಿದಂತೆ. ಟೀವಿಗಳು ಹೋದವು, ಫ್ರಿಜ್ಜುಗಳು ಹೋದವು, ಟೈಲರಮ್ಮನ ಮೋಟಾರು ಹೊಗೆಯಾಡಿತು. ಮೀನು ಮಾತ್ರ ಮೊದಲೇ ಹೋಗಿದ್ದರಿಂದ ಉಳಿದುಕೊಂಡವು. ಅವನು ಬ್ಯಾಟರಿ ಹಿಡಿದು ವಾಪಸು ಬರುವ ಹೊತ್ತಿಗೆ ಇಡೀ ಕಟ್ಟಡ ಕತ್ತಲು.

ಲೈನ್‌ಮನ್ ಮತ್ತೆ ಬಂದ. ಪೆಟ್ಟಿಗೆ ತೆರೆದು, ಕರಿ ತಂತಿಯನ್ನು ಬೆರಳಲ್ಲಿ ಮುಟ್ಟಿದ್ದೇ ತಡ, ಅದು ತಾನಾಗಿ ಹೊರಗೆ ಬಂತು. ಅವನು ಅದನ್ನು ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ.

"ಇದು ನ್ಯೂಟ್ರಲ್ ತಂತಿ. ಇದು ಕಳಚಿದ್ರೆ ವೋಲ್ಟೇಜ್ ಏರದೆ ಇನ್ನೇನಾಗುತ್ತೆ? ಯಾರೋ ಈ ತಿರುಪು ಮುಟ್ಟಿದ್ದಾರೆ."

"ನೀವೇ ಅಲ್ವಾ ಮಧ್ಯಾಹ್ನ..." ಅಂದ ಟೆಸ್ಟರಣ್ಣ.

"ನಾನು ಬಿಗಿ ಮಾಡೇ ಹೋಗಿದ್ದು. ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡಿದ್ದೋನು ಯಾರು?"

"ಇವನೇ!" ಅಂದ ಏಜೆಂಟ್.

ಅಧ್ಯಕ್ಷರು ನಾಲ್ಕು ಮಹಡಿ ನಡೆದೇ ಇಳಿದಿದ್ದರು. ಮಂಡಿ ಹಿಡಿದುಕೊಂಡು ಕೇಳಿದರು: "ನಿನ್ನ ಮೀಟರು ಇದನ್ನ ತೋರಿಸ್ಲಿಲ್ವೇನೋ?"

"ತೋರಿಸ್ತು ಸಾರ್. ಮುನ್ನೂರ ಹದಿನೆಂಟು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಟೆಸ್ಟರಣ್ಣ ಅವರ ಜೇಬಿನ ಕಡೆ ಬೆರಳು ತೋರಿಸಿದ. ಅವರು ಮುಚ್ಚಳಿಕೆ ತೆಗೆದು, ಟಾರ್ಚಿನ ಬೆಳಕಲ್ಲಿ ಕೊನೆಯವರೆಗೆ ಓದಿದರು. ಒಂದು ಕಡೆ ತುಟಿ ಕಚ್ಚಿದರು.

"ಇದು ನಿನ್ನ ಅಕ್ಷರ ತಾನೆ?"

"ಹೌದು ಸಾರ್."

"ಸಹಿ ನಿನ್ನದು ತಾನೆ?"

"ಹೌದು ಸಾರ್."

"ಹಾಗಾದ್ರೆ ಇದು ನಿನ್ನ ಅಭಿಪ್ರಾಯ. ಇಷ್ಟು ದಡ್ಡತನದ ಅಭಿಪ್ರಾಯ ಇಟ್ಕೊಂಡಿರೋನಿಗೆ ನಾನು ಹೇಗಪ್ಪ ಹದಿನಾರು ಮನೆ ಒಪ್ಪಿಸ್ಲಿ?"

ಕಾಯಂ ಪತ್ರ ಅವರ ಇನ್ನೊಂದು ಜೇಬಿನಲ್ಲೇ ಉಳಿಯಿತು.

ಕೋಣೆಯಲ್ಲಿ ಹೆಂಡತಿ ಮೇಣದ ಬತ್ತಿ ಹಚ್ಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಳು. ಕರ್ಟನ್ ಕಟ್ಟಿ ಮುಗಿದಿತ್ತು. ಗಂಡನ ಮುಖ ನೋಡಿದಳು. ಒಂದು ತುದಿಯ ಗಂಟು ಬಿಚ್ಚಿ, ಸ್ಟೂಲು ಸರಿಸಿ, ಇನ್ನೊಂದು ತುದಿಯದನ್ನೂ ಬಿಚ್ಚಿದಳು.

ಅವನಿಗೆ ಮಾಡಲು ಬೇರೇನೂ ಇರಲಿಲ್ಲ. ಕೈಯಲ್ಲಿದ್ದ ಹೊಸ ಬ್ಯಾಟರಿಯನ್ನು ಮೀಟರಿಗೆ ಹಾಕಿ, ಕಡ್ಡಿಗಳನ್ನು ಸಾಕೆಟ್ಟಿಗೆ ತೂರಿಸಿದ. ಮೀಟರು ಸೊನ್ನೆ ತೋರಿಸಿತು. ಈ ಸಲ ಅದು ತೋರಿಸಿದ್ದನ್ನು ಟೆಸ್ಟರಣ್ಣ ಸರಿಯಾಗಿ ನಂಬಿದ.