ಡೇ ಶಿಫ್ಟಿಗೊಂದು ಪುಪುಸಾ

ಹನುಮೇಶನ ಕಷ್ಟಕ್ಕೆಲ್ಲ ಮೂಲ ಒಂದು ಫೋಟೊ. ವೈಟ್‌ಫೀಲ್ಡಿನ ಬಿಸ್ಕತ್ತು ಕಾರ್ಖಾನೆಗೆ ಹೊಸ ಪ್ಯಾಕಿಂಗ್ ಯಂತ್ರ ಕೂರಿಸಲು ಎಲ್ ಸಾಲ್ವಡಾರ್ ಎಂಬ ದೇಶದಿಂದ ರಫಾಯೆಲ್ ಎಂಬ ಎಂಜಿನಿಯರು ಬಂದಿದ್ದ. ನೈಟ್ ಶಿಫ್ಟಿನ ಊಟದ ಬಿಡುವಿನಲ್ಲಿ ಅವನೊಮ್ಮೆ ಹನುಮೇಶನ ಡಬ್ಬಿಯ ಜೋಳದ ರೊಟ್ಟಿಯತ್ತ ಬೆರಳು ತೋರಿಸಿ, ಆಮೇಲೆ ತನ್ನ ಮೊಬೈಲು ತೋರಿಸಿದ. ಅದರಲ್ಲಿ ಅವನ ತಾಯಿ ಹಂಚಿನ ಮುಂದೆ ನಿಂತು ದಪ್ಪ ದಪ್ಪ ರೊಟ್ಟಿ ಬೇಯಿಸುತ್ತಿದ್ದಳು.

"ಪುಪುಸಾ," ಎಂದು ರಫಾಯೆಲ್ ನಿಟ್ಟುಸಿರು ಬಿಟ್ಟ. ಮೆಕ್ಕೆಜೋಳದ ಹಿಟ್ಟಿನೊಳಗೆ ಕಾಳು, ಚೀಸು ತುಂಬಿ ತಟ್ಟುವುದಂತೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಪಾಪ, ತಾಯಿಯ ಕೈಯಡುಗೆಗೆ ಹಂಬಲಿಸುತ್ತಿದ್ದಾನೆ ಎಂದುಕೊಂಡ ಹನುಮೇಶ, ತನ್ನ ಬಡ ರೊಟ್ಟಿಯ ಮೇಲೆ ನಾಚಿಕೆಯಿಂದ ಮುಚ್ಚಳ ಹಾಕಿದ.

ಹನುಮೇಶನಿಗೆ ರಫಾಯೆಲ್‌ನ ದಯೆ ಬೇಕಾಗಿತ್ತು. ಸೋಮವಾರದಿಂದ ಯಂತ್ರ ಹಗಲೂ ರಾತ್ರಿ ಓಡಲಿತ್ತು. ಅದನ್ನು ನಡೆಸಲು ಕಲಿತವರು ಹನುಮೇಶ ಮತ್ತು ಕುಂದಲಹಳ್ಳಿಯ ಅದೇ ವಠಾರದಲ್ಲಿ ಅವನ ಪಕ್ಕದ ಕೋಣೆಯ ಸೋಮಪ್ಪ ಮಾತ್ರ. ಹಗಲಿಗೆ ಯಾರು, ರಾತ್ರಿಗೆ ಯಾರು ಎನ್ನುವುದನ್ನು ಮ್ಯಾನೇಜರು ರಫಾಯೆಲ್‌ಗೇ ಬಿಟ್ಟಿದ್ದರು. ಹನುಮೇಶನ ಹೆಂಡತಿ ಸವಿತಾ ಗಾರ್ಮೆಂಟ್ಸಿನಲ್ಲಿ ಹಗಲು ದುಡಿಯುವವಳು. ಅವಳು ಹೊರಡುವಾಗ ಇವನು ಬರುತ್ತಿದ್ದ, ಅವಳು ಬರುವಾಗ ಇವನು ಹೊರಡುತ್ತಿದ್ದ. ಬೀಗದಕೈ ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟುವಷ್ಟು ಹೊತ್ತು ಅವರ ಸಂಸಾರ. ಡೇ ಶಿಫ್ಟ್ ಸಿಕ್ಕರೆ ಗಂಡಹೆಂಡಿರು ಕೂತು ಉಣ್ಣಬಹುದೆಂಬ ಆಸೆಗೆ ಹನುಮೇಶ ಭಾನುವಾರದ ಊಟಕ್ಕೆ ರಫಾಯೆಲ್‌ನನ್ನು ಕರೆದಿದ್ದ.

ಆ ಭಾನುವಾರವೂ ಸವಿತಾಳಿಗೆ ಓವರ್‌ಟೈಮ್ ಇತ್ತು. ನಸುಕಿನಲ್ಲೇ ಎದ್ದು ರೊಟ್ಟಿ ತಟ್ಟಿ, ಎಣ್ಣೆಗಾಯಿ ಮಾಡಿಟ್ಟು ಹೊರಟಳು.

"ಇದನ್ನ ಬಡಸ್ರಿ, ಸಾಕು. ಬ್ಯಾರೆ ಏನೂ ಉಸಾಬರಿ ಹಚ್ಕೋಬ್ಯಾಡ್ರಿ."

"ಆತು," ಎಂದ ಹನುಮೇಶ, ಅವಳು ಗೇಟು ದಾಟಿದ ಕೂಡಲೇ ಮೊಬೈಲಿನಲ್ಲಿ ಪುಪುಸಾದ ವಿಡಿಯೊ ಹಚ್ಚಿ, ಮೆಕ್ಕೆಜೋಳವನ್ನೂ ಒಳಗೆ ತುಂಬುವ ಕಾಳನ್ನೂ ಒಲೆಗಿಟ್ಟ. ಜೋಳವನ್ನು ಸುಣ್ಣ ಹಾಕಿ ಬೇಯಿಸಬೇಕೆಂದು ವಿಡಿಯೊದ ಹೆಂಗಸು ತೋರಿಸಿದಳು. ಎಲೆಅಡಿಕೆ ತಿನ್ನುವ ಮನೆ ಓನರು ಸುಬ್ಬಲಕ್ಷ್ಮಮ್ಮನ ಬಾಗಿಲಿಗೆ ಹೋದ.

"ಸುಣ್ಣ ಎಷ್ಟು ಬೇಕಪ್ಪಾ ಅನುಮೇಸ?"

"ಒಂದು ಚಮಚ ಅಮ್ಮಾ. ಜೋಳ ಬೇಯಿಸಾಕ."

ಮುದುಕಿ ಅಗಿಯುವುದನ್ನು ನಿಲ್ಲಿಸಿದಳು. "ಸುಣ್ಣ ಗೋಡೆಗೆ ಬಳಿಯಾದು ಕಣಪ್ಪಾ, ಒಟ್ಟೆಗಲ್ಲ. ಆ ಪರದೇಸದೋನು ನನ್ನ ಮನೇಲಿ ಸತ್ತೋದ್ರೆ ಪೋಲೀಸ್ನೋರು ನನ್ನ ಕೇಳ್ತಾರೆ."

ಎರಡು ರೊಟ್ಟಿ ಕೊಟ್ಟ ಮೇಲೆ ಸುಣ್ಣವೂ ಸಿಕ್ಕಿತು, ಹಿತ್ತಲಿನ ಒರಳುಕಲ್ಲೂ ಸಿಕ್ಕಿತು. ಒರಳು ಬೇಕಾದದ್ದು ಬೆಂದ ಜೋಳಕ್ಕೆ ಮಿಕ್ಸಿ ಹೊಗೆ ಬಿಟ್ಟು ಸುಮ್ಮನಾದದ್ದರಿಂದ. ಕುಂದಲಹಳ್ಳಿಯ ಬಿಸಿಲಿನಲ್ಲಿ ಹನುಮೇಶ ಬನಿಯನ್ನಿನಲ್ಲಿ ಕೂತು ರುಬ್ಬುತ್ತಿದ್ದರೆ, ವಠಾರವೆಲ್ಲ ಒಂದಲ್ಲ ಒಂದು ನೆಪದಲ್ಲಿ ಹಿತ್ತಲಿಗೆ ಬಂದು ನೋಡಿಕೊಂಡು ಹೋಯಿತು.

ಆಮೇಲೆ ದಪ್ಪ ಹಂಚು ಬೇಕಾಯಿತು. ಅದಿದ್ದದ್ದು ಸೋಮಪ್ಪನ ಹೆಂಡತಿ ಲಕ್ಷ್ಮವ್ವನ ಹತ್ತಿರ.

"ಹಂಚು ಕೊಡ್ತೀನಿ. ಆ ರೊಟ್ಟಿ, ಎಣ್ಣೆಗಾಯಿ ಏನ್ ಮಾಡ್ತಿ?" ಎಂದಳು ಲಕ್ಷ್ಮವ್ವ.

ಹನುಮೇಶ ಯೋಚಿಸಿದ. ಪುಪುಸಾದ ಪಕ್ಕ ರೊಟ್ಟಿ ಕಂಡರೆ ಸಾಹೇಬರ ಎದುರು ಮರ್ಯಾದೆ ಹೋಗುತ್ತದೆ. "ಎಲ್ಲಾ ನೀವ ಒಯ್ರಿ ಅಕ್ಕಾ. ನಮ್ಮನ್ಯಾಗ ಒಂದ್ ಚೂರೂ ಕಾಣಬಾರದು."

ರೊಟ್ಟಿಯ ಋಣ ತೀರಿಸಲು ಲಕ್ಷ್ಮವ್ವ ಸಹಾಯಕ್ಕೂ ನಿಂತಳು. ಅವನು ಚೀಸು ತರಲು ಬೇಕರಿಗೆ ಹೋಗಿ ಬರುವಷ್ಟರಲ್ಲಿ ಬೆಂದ ಕಾಳಿಗೆ ಬೆಲ್ಲ, ಏಲಕ್ಕಿ ಹಾಕಿ ಘಮಘಮ ಎನ್ನುವಂತೆ ಮಾಡಿದ್ದಳು.

"ಅಕ್ಕಾ, ಇದು ಖಾರದ್ದು."

"ಹೂರಣ ಖಾರ ಮಾಡ್ತಾರೇನೋ ಹುಚ್ಚಪ್ಪಾ? ಮೊದಲ ಸಲ ಮನಿಗೆ ಬರೋ ಮನಷಾ, ಸಿಹಿ ಬ್ಯಾಡೇನು?"

ಬೇರೆ ಕಾಳು ಬೇಯಿಸಲು ಹೊತ್ತಿರಲಿಲ್ಲ. ಹನುಮೇಶ ಅದರ ಮೇಲೇ ಚೀಸು ಒತ್ತಿ, ಬೆರಳು ಸುಟ್ಟುಕೊಂಡು, ಹರಿದದ್ದಕ್ಕೆ ತೇಪೆ ಹಚ್ಚಿ, ಅಂತೂ ಒಂದು ತಟ್ಟೆ ಪುಪುಸಾ ಇಳಿಸಿದ. ಅವು ಗುಂಡಗಿದ್ದವು. ಅಷ್ಟಕ್ಕೇ ಅವನಿಗೆ ಕಣ್ಣು ತುಂಬಿ ಬಂತು.

ರಫಾಯೆಲ್ ಬಾಳೆಹಣ್ಣಿನ ಚಿಪ್ಪು ಹಿಡಿದು, ನಗುನಗುತ್ತ ಬಂದ. ತಟ್ಟೆ ನೋಡಿದ. ನಗು ನಿಂತಿತು. ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ನೀರು ಕುಡಿದ.

"ಹನುಮೇಶ್," ಎಂದು ತನ್ನ ಹರುಕು ಇಂಗ್ಲಿಷಿನಲ್ಲಿ ಅವನು ಹೇಳಿದ್ದರ ಸಾರಾಂಶ ಇದು: ಮ್ಯಾನೇಜರ ಮನೆಯಲ್ಲಿ ಪುಪುಸಾ, ಎಚ್‌ಆರ್ ಮೇಡಂ ಮನೆಯಲ್ಲಿ ಪುಪುಸಾ, ಉಳಿದುಕೊಂಡಿರುವ ಹೋಟೆಲಿನಲ್ಲೂ ಪುಪುಸಾ. ಎಲ್ಲರೂ ಒಳ್ಳೆಯವರು, ಯಾರಿಗೂ ಬರುವುದಿಲ್ಲ. ತಾನು ಅಂದು ಫೋಟೊ ತೋರಿಸಿದ್ದು, ಒಂದು ರೊಟ್ಟಿ ಕೊಡು ಎಂದು ಬಾಯಿಬಿಟ್ಟು ಕೇಳಲು ಸಂಕೋಚವಾಗಿ. ಅಷ್ಟರಲ್ಲಿ ಹನುಮೇಶ ಡಬ್ಬಿ ಮುಚ್ಚಿಬಿಟ್ಟ. ಇವತ್ತು ಆ ರೊಟ್ಟಿ ಸಿಗುತ್ತದೆಂದು ಬೆಳಗಿನ ತಿಂಡಿಯನ್ನೂ ತಿನ್ನದೆ ಬಂದಿದ್ದಾನೆ.

ಪಕ್ಕದ ಕೋಣೆಯಿಂದ ಎಣ್ಣೆಗಾಯಿಯ ಪರಿಮಳ ಬಂತು. ರಫಾಯೆಲ್ ಮೂಗೆತ್ತಿ ಎದ್ದು ಅತ್ತ ನಡೆದ. ಬಾಗಿಲಲ್ಲಿ ಅವನನ್ನು ಕಂಡು, ತುತ್ತು ಕೈಯಲ್ಲಿ ಹಿಡಿದಿದ್ದ ಸೋಮಪ್ಪ, ಊರಿನ ಪದ್ಧತಿಯಂತೆ, "ಬರ್ರಿ ಸಾಹೇಬ್ರ, ಊಟ ಮಾಡೂಣು," ಎಂದ.

ರಫಾಯೆಲ್ ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ ತಿಂದ. ಬೋಗುಣಿಯ ತಳವನ್ನೂ ರೊಟ್ಟಿಯಿಂದ ಬಳಿದ. ಕೈ ನೆಕ್ಕಿಕೊಂಡು ಸೋಮಪ್ಪನ ಭುಜ ತಟ್ಟಿದಾಗ, ಹಿಂದೆಯೇ ಬಂದಿದ್ದ ಹನುಮೇಶ ಒಳಗೆ ನುಗ್ಗಿದ. ಡೇ ಶಿಫ್ಟ್ ಕಣ್ಣೆದುರಿಗೇ ಪಕ್ಕದ ಮನೆಗೆ ಹೋಗುತ್ತಿತ್ತು.

"ಸಾರ್, ದಟ್ ರೊಟ್ಟಿ ಮೈ ವೈಫ್ ರೊಟ್ಟಿ. ಬದನೆಕಾಯಿ ಆಲ್ಸೋ ಮೈ ವೈಫ್," ಎಂದು ಕೂಗಿಕೊಂಡ. "ಕೇಳ್ರಿ ಬೇಕಾದ್ರ ಅಕ್ಕನ್ನ."

ಲಕ್ಷ್ಮವ್ವ ಹೌದೆಂದು ತಲೆಯಾಡಿಸಿದಳು. ರಫಾಯೆಲ್ ಎದ್ದು ಹನುಮೇಶನನ್ನು ತಬ್ಬಿಕೊಂಡ.

"ಯುವರ್ ವೈಫ್? ಎವ್ರಿ ನೈಟ್ ದಿಸ್ ರೊಟ್ಟಿ?"

"ಎವ್ರಿ ನೈಟ್ ಸಾರ್."

"ಡೇ ಶಿಫ್ಟ್ ನಿನಗೆ ಕೊಡೋಣ ಅಂತಿದ್ದೆ. ಒಳ್ಳೇದಾಯ್ತು, ಇನ್ನೂ ಹೇಳಿರಲಿಲ್ಲ," ಎಂಬರ್ಥ ಬರುವಂತೆ ರಫಾಯೆಲ್ ಹೇಳಿದ. "ಡೇ ಶಿಫ್ಟ್, ಕ್ಯಾಂಟೀನ್ ಫುಡ್. ನೈಟ್ ಶಿಫ್ಟ್, ಡಬ್ಬಿ. ಐ ನೈಟ್. ಯು ನೈಟ್. ಸೋಮಪ್ಪ ಡೇ."

ಸಂಜೆ ಸವಿತಾ ಬಂದಾಗ ಹನುಮೇಶ ಪುಪುಸಾದ ತಟ್ಟೆಯ ಮುಂದೆ ಕೂತಿದ್ದ. ನಡೆದದ್ದನ್ನೆಲ್ಲ ಒಪ್ಪಿಸಿದ. ಅವಳ ಮುಖ ಸಣ್ಣದಾಯಿತು. ಡೇ ಶಿಫ್ಟಿನ ಆಸೆ ಅವಳಿಗೇನು ಕಡಿಮೆ ಇರಲಿಲ್ಲ. ಆದರೆ ಗಂಡನ ಸುಟ್ಟ ಬೆರಳುಗಳನ್ನು ನೋಡಿ ಬೈಯಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತು ಒಂದು ಪುಪುಸಾ ಮುರಿದು ತಿಂದಳು. ಇನ್ನೊಂದು ತೆಗೆದುಕೊಂಡಳು.

"ಚೊಲೋ ಆಗ್ಯಾವಲ್ರೀ. ಯಾರು ತಟ್ಟಿದ್ದು?"

"ನಾನ," ಎಂದ ಹನುಮೇಶ. ಆ ದಿನ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. "ಎಲ್ಲಾ ನಾನ ತಟ್ಟೀನಿ."

"ಹಂಗಾರ ಚಿಂತಿಲ್ಲ. ಡ್ಯೂಟಿಗೆ ಹೋಗೂ ಮುಂದ ನಿಮ್ಮದೂ ಸಾಹೇಬ್ರದೂ ಇಬ್ಬರ ಡಬ್ಬಿ ಕಟ್ಟಾಕ ನನಗ ಆಗಂಗಿಲ್ಲ. ನಾಳಿಂದ ರೊಟ್ಟಿ ನೀವ ತಟ್ರಿ."

ಹನುಮೇಶ ಹಿಟ್ಟಿನ ಡಬ್ಬಿಯತ್ತ ನೋಡಿದ.

"ಓನರಮ್ಮ ಗೇಟಿನ್ಯಾಗ ಎಲ್ಲಾ ಹೇಳ್ಯಾರ," ಎಂದಳು ಸವಿತಾ. "ಸುಣ್ಣ ಒಂದು ಹಾಕಬ್ಯಾಡ್ರಿ."