ಹೆಂಡತಿಗೆ ಕೊಟ್ಟ ಒಂದು ಅಂಕ

ಇಂದ,
ತಮ್ಮ ಬಟ್ಟೆ ತೊಳೆಯುವ ಯಂತ್ರದ ಗ್ರಾಹಕ ಹಾಗೂ ತಮ್ಮ ಉದ್ಯೋಗಿಯೊಬ್ಬಳ ಗಂಡ,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಗೆ,
ಮುಖ್ಯಸ್ಥರು,
ಗ್ರಾಹಕರ ಸಂತೋಷ ವಿಭಾಗ.
(ಇಂಥದೊಂದು ವಿಭಾಗವಿದೆಯೆಂದು ಮೊದಲೇ ಗೊತ್ತಿದ್ದರೆ ಅರ್ಜಿದಾರ ಇಷ್ಟು ದುಃಖಪಡುತ್ತಿರಲಿಲ್ಲ.)

ವಿಷಯ: ತಿಳಿಯದೆ ಸ್ವಂತ ಹೆಂಡತಿಗೆ ಕೊಟ್ಟ ‘ಒಂದು’ ಅಂಕವನ್ನು ಹಿಂಪಡೆಯಲು ಅನುಮತಿ ಕೋರಿ.

ಉಲ್ಲೇಖ: 1. ಅರ್ಜಿದಾರನ ದೂರು.
2. ಸದರಿ ದೂರು ಮುಗಿದಿದೆಯೆಂಬ ತಮ್ಮ ಸಂದೇಶ.
3. ಇನ್ನೂ ಬಾಗಿಲು ತೆರೆಯದ ಯಂತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಅವನ ಹೆಂಡತಿ ತಮ್ಮಲ್ಲೇ, ಫೋನಿನಲ್ಲಿ ಗ್ರಾಹಕರ ಬೈಗುಳ ಸ್ವೀಕರಿಸುವ ಉದ್ಯೋಗದಲ್ಲಿದ್ದಾಳೆ. ಹೋದ ವಾರ ತಮ್ಮ ಯಂತ್ರ ಅವಳ ಆಫೀಸಿನ ಯೂನಿಫಾರ್ಮನ್ನು ಒಳಗಿಟ್ಟುಕೊಂಡು ಬಾಗಿಲು ಬಿಗಿದುಕೊಂಡಿತು. “ನೀನೇ ನಿಮ್ಮ ಆಫೀಸಲ್ಲಿ ಹೇಳಬಾರದಾ?” ಎಂದು ಅರ್ಜಿದಾರ ಕೇಳಿದ. “ನಾವು ಒಳಗಿಂದ ದೂರು ಕೊಡೋ ಹಾಗಿಲ್ಲ ರೀ. ಎಲ್ಲರ ಹಾಗೆ ಫೋನ್ ಮಾಡಿ,” ಎಂದಳು. ಕಾರಣ, ಅವನು ಎಲ್ಲರ ಹಾಗೆ ಫೋನ್ ಮಾಡಿದ.

1. ತಮ್ಮ ರಿಪೇರಿಯವನು ಬರುತ್ತಾನೆಂದು ಅರ್ಜಿದಾರ ಅಂಗಡಿಗೆ ರಜೆ ಹಾಕಿ, ಸ್ನಾನಕ್ಕೂ ಹೋಗದೆ, ತೆರೆದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಕೂತವನು ಪೇಪರನ್ನು ಜಾಹೀರಾತು ಸಮೇತ ಓದಿದ. ಹೊಸ ಸೇತುವೆ ಕುಸಿದಿತ್ತು, ‘ವರದಿ ಕೇಳಲಾಗಿದೆ’. ಆಸ್ಪತ್ರೆಯಲ್ಲಿ ಔಷಧಿ ಇರಲಿಲ್ಲ, ‘ಗಮನಕ್ಕೆ ಬಂದಿದೆ’. ದೇಶವನ್ನೂ ತಮ್ಮ ವಿಭಾಗವೇ ನಡೆಸುತ್ತಿದೆಯೇನೋ ಎಂಬ ಗುಮಾನಿ ಅವನಿಗೆ ಆಗಲೇ ಬಂತು. ಮಧ್ಯಾಹ್ನ ಸಂದೇಶ ಬಂತು: ‘ಮನೆಗೆ ಬೀಗ ಹಾಕಿದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’

2. ಪಿತ್ತ ನೆತ್ತಿಗೇರಿ ಅವನು ಮತ್ತೆ ಫೋನ್ ಮಾಡಿದ. ತಾವು ಬಹಳ ಹೊತ್ತು ಸಂಗೀತ ಕೇಳಿಸಿದಿರಿ. ಆಮೇಲೆ ಸಕ್ಕರೆಯಂಥ ದನಿಯೊಂದು ಬಂತು. ಅದು ಅವನ ಹೆಂಡತಿಯದು. ತಮ್ಮ ತರಬೇತಿಯಲ್ಲಿ ಅವಳ ಹೆಸರು ಬದಲಿಸಿದ್ದಲ್ಲದೆ ದನಿಯನ್ನೂ ತಿದ್ದಿಬಿಟ್ಟಿದ್ದೀರಿ, ಇಷ್ಟು ವರ್ಷ ಸಂಸಾರ ಮಾಡಿದವನಿಗೂ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತ್ತು, ವಿಳಾಸ ಅವಳ ಕಣ್ಣೆದುರೇ ಇತ್ತು.

“ಸರ್, ನಮ್ಮ ದಾಖಲೆ ಪ್ರಕಾರ ನಿಮ್ಮ ಮನೆಗೆ ಬೀಗ ಹಾಕಿತ್ತು.”

“ನಾನು ಬಾಗಿಲಲ್ಲೇ ಕೂತಿದ್ದೆ ಕಣಮ್ಮ.”

“ಅರ್ಥವಾಗುತ್ತೆ ಸರ್. ಆದರೆ ಬೀಗ ಹಾಕಿತ್ತು.”

“ನಿಮ್ಮಂಥವರನ್ನ ಕಟ್ಕೊಂಡವನು ಯಾರೋ, ಪಾಪ.”

“ನಿಮ್ಮ ಅನಿಸಿಕೆಗೆ ಧನ್ಯವಾದ ಸರ್.”

ತಾನು ಬಾಳುವ ಮನೆಗೆ ಬೀಗ ಬಿದ್ದಿತ್ತೆಂದು ತನ್ನ ಗಂಡನಿಗೇ ಓದಿ ಹೇಳುವ ಸ್ಥಿತಿಗೆ ಒಬ್ಬ ಹೆಂಗಸನ್ನು ತಂದಿಟ್ಟ ತಮ್ಮ ವಿಭಾಗದಲ್ಲಿ ನಾಚಿಕೆ ಎಂಬುದೇನಾದರೂ ಲಭ್ಯವಿದ್ದಲ್ಲಿ, ಅದರ ದೃಢೀಕೃತ ಪ್ರತಿಯೊಂದನ್ನು ಒದಗಿಸಬೇಕಾಗಿ ಕೋರಿದೆ.

3. ಕೊನೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರೆಂದು ಕೇಳಿದಿರಿ. ಸೊನ್ನೆ ಇಲ್ಲದ ಕಾರಣ ಅರ್ಜಿದಾರ ಒಂದನ್ನು ಒತ್ತಿದ. ಅವನು ಒತ್ತಿದ್ದು ತಮಗೆ. ತಾವು ಅದನ್ನು ಅವಳ ತಲೆಗೆ ಕಟ್ಟಿದಿರಿ. ಬಾರದೆಯೇ ಬಂದೆನೆಂದ ರಿಪೇರಿಯವನಿಗೆ ಏನೂ ಆಗಿಲ್ಲ, ತಮಗಂತೂ ಇಲ್ಲವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಗಾದೆಯೆಂದೇ ಅವನು ತಿಳಿದಿದ್ದ, ತಮ್ಮಲ್ಲಿ ಅದು ಆಡಳಿತ ಪದ್ಧತಿ.

4. ಅಂದು ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ, “ಒಂದು ಒತ್ತಿದ್ರಲ್ಲ, ಅದು ನನಗೆ ಬಿತ್ತು. ಈ ತಿಂಗಳು ಇನ್ನೊಂದು ಬಂದ್ರೆ ಕೆಲಸ ಹೋಗುತ್ತೆ,” ಎಂದಳು.

“ನಾನೇ ಅಂತ ಒಂದು ಮಾತು ಹೇಳಬಾರದಿತ್ತಾ?”

“ಅಲ್ಲಿ ಸ್ವಂತ ಮಾತಾಡಿದ್ರೆ ಇವತ್ತೇ ಹೋಗ್ತಿತ್ತು.”

ಅಷ್ಟೇ. ಅಂದಿನಿಂದ ಮಾತು ಬಂದ್. ಎದುರೇ ಕೂತಿದ್ದರೂ “ಅಪ್ಪನಿಗೆ ಊಟಕ್ಕೆ ಬರಕ್ಕೆ ಹೇಳು” ಎಂಬ ಆದೇಶ ಮಗಳ ಮೂಲಕ ರವಾನೆಯಾಗುತ್ತಿದೆ. ಅರ್ಜಿದಾರನ ಉತ್ತರವೂ ಅದೇ ಮಾರ್ಗವಾಗಿ ಹೋಗುತ್ತಿದೆ.

5. ಅಂಕ ವಾಪಸು ಕೊಡಿ ಎಂದು ಕೇಳಿದ್ದಕ್ಕೆ, ಅದು ಗ್ರಾಹಕರ ಅಮೂಲ್ಯ ಅಭಿಪ್ರಾಯ, ತಿದ್ದಲು ಬರುವುದಿಲ್ಲ ಎಂದು ತಮ್ಮವರು ಹೇಳಿದರು. ಹುಟ್ಟಿದಾಗಿನಿಂದ ಅರ್ಜಿದಾರನ ಅಭಿಪ್ರಾಯಕ್ಕೆ ಬೆಲೆ ಸಿಕ್ಕಿದ್ದು ಇದೇ ಮೊದಲು, ಅದೂ ಬೇಡವೆಂದಾಗ.

ಆದ್ದರಿಂದ, ಸದರಿ ಒಂದನ್ನು ಅವಳ ಹೆಸರಿನಿಂದ ತೆಗೆದು, ಅದಕ್ಕೆ ಸರ್ವಥಾ ಅರ್ಹರಾದ ತಮ್ಮ ಹೆಸರಿಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಅರ್ಜಿದಾರ

ಅಡಕ:
1. ತೆರೆದ ಬಾಗಿಲಿನ ಫೋಟೊ, ಕುರ್ಚಿ ಮತ್ತು ಅರ್ಜಿದಾರ ಸಮೇತ.
2. ಎದುರು ಮನೆಯ ಅಜ್ಜಿಯ ಹೇಳಿಕೆ: “ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ. ನೋಡಿ ನೋಡಿ ನನಗೇ ಬೇಜಾರಾಯ್ತು.”

ವಿ.ಸೂ.: ಮೇಲಿನದು ಸಾಧ್ಯವಾಗದಿದ್ದಲ್ಲಿ, ಅರ್ಜಿದಾರನ ಮುಂದಿನ ಕರೆಯನ್ನು ಅವಳಿಗೇ ಸೇರಿಸಬೇಕು. ಗ್ರಾಹಕ ಫೋನ್ ಇಡುವ ತನಕ ನೌಕರರು ಇಡುವಂತಿಲ್ಲವೆಂದು ತಮ್ಮಲ್ಲಿ ನಿಯಮವಿದೆಯಂತೆ. ಯಂತ್ರದ ಸುದ್ದಿ ಅವನು ಎತ್ತುವುದಿಲ್ಲ. ಅವಳಲ್ಲಿ ಕ್ಷಮೆ ಕೇಳುವುದಿದೆ, ಮನೆಯಲ್ಲಿ ಅವಳು ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಸದರಿ ಕರೆಯನ್ನು ತರಬೇತಿಗಾಗಿ ರೆಕಾರ್ಡ್ ಮಾಡಿಕೊಳ್ಳಲು ಅರ್ಜಿದಾರನ ಅಭ್ಯಂತರವಿಲ್ಲ. ಕ್ಷಮೆ ಕೇಳುವುದು ಹೇಗೆಂದು ತಮ್ಮ ವಿಭಾಗಕ್ಕೂ ಗೊತ್ತಾಗಲಿ.